ಹೆಡ್‌ಲೈಟಿನ ಕಿವಿ

"ಗಾಡಿ ಬಂತೇನ್ರಿ ಮಾಸ್ತರ?"

ಹೋದ ಹಂಗಾಮಿನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿಸಿಕೊಂಡೆನೋ ಲೆಕ್ಕವಿಲ್ಲ. ಈಗಲೂ ಹಿತ್ತಲ ಗೋಡೆಯಾಚೆ ಕೆಮ್ಮಿದ ಸದ್ದಾದರೆ ಸಾಕು, "ಇನ್ನಾ ಇಲ್ರಿ ಕಾಕಾ" ಅಂತ ಬಾಯಿಗೆ ಬಂದುಬಿಡುತ್ತದೆ. ಕೇಳುವವರು ನಮ್ಮ ಬನಹಟ್ಟಿ ಕಾಕಾ. ನಲವತ್ತು ವರ್ಷ ಬನಹಟ್ಟಿಯಲ್ಲಿ ಮಗ್ಗದ ಮುಂದೆ ಕೂತವರು, ಈಗ ಜಮಖಂಡಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಬೆಳಿಗ್ಗೆ ಚಹಾ ಕುಡಿದ ಕಪ್ಪು ತೊಳೆಯುವ ನೆವದಲ್ಲಿ ಗೋಡೆ ಹತ್ತಿರ ಬಂದರೆಂದರೆ ಬಿಸಿಲು ನೆತ್ತಿಗೆ ಬರುವ ತನಕ ನಮ್ಮ ಮಾತು ಮುಗಿಯುವುದಿಲ್ಲ. ಮಗ್ಗದ ಸದ್ದಿನಲ್ಲಿ ಬಾಳಿದವರಾದ್ದರಿಂದ ಸ್ವಲ್ಪ ಜೋರಾಗಿಯೇ ಮಾತಾಡುತ್ತಾರೆ. ಹಾಗಾಗಿ ನಮ್ಮ ಗಾಡಿಯ ಕಥೆ ಓಣಿಗೆಲ್ಲ ಗೊತ್ತು, ನಿಮಗೂ ಗೊತ್ತೇ ಇರಬೇಕು.

ಭೋಗಿಯ ಹಿಂದಿನ ದಿನ. ಮುಧೋಳದಿಂದ ಬರುವಾಗ ಹೊತ್ತು ಮುಳುಗಿತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರು, ಎರಡು ಟ್ರೇಲರು, ಹಿಂದಿನದಕ್ಕೆ ದೀಪ ಇಲ್ಲ. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಉಳಿದದ್ದು ತಾನೇ ತಿಳಿಯುತ್ತದೆ, ಅಲ್ಲೇನ್ರಿ? ನನಗೆ ನೆನಪು ಉಳಿದದ್ದು ಬಡಿದ ಸದ್ದಲ್ಲ, ಅದರ ನಂತರದ ಒಂದು ಸಣ್ಣ ಸಂಗತಿ. ಟ್ರ್ಯಾಕ್ಟರಿನ ಹುಡುಗ ಹಾಡು ಬಂದ್ ಮಾಡಿ ಓಡಿ ಬಂದ. ಬಂದವನು ಗಾಡಿ ನೋಡಲಿಲ್ಲ. ಒಳಗೆ ಕೂತಿದ್ದ ನಮ್ಮ ಅವ್ವನ ಕಡೆ ಬಗ್ಗಿ, "ಆಯಿ, ಏನೂ ಆಗಿಲ್ಲಲ್ಲ?" ಅಂದ. ಏನೂ ಆಗಿಲ್ಲ ಅಂತ ಖಾತ್ರಿಯಾದ ಮೇಲೆ ಟ್ರೇಲರಿನಿಂದ ಎರಡು ಉದ್ದನೆಯ ಕಬ್ಬು ಹಿರಿದು, ಮೊಣಕಾಲಿಗೆ ಹಚ್ಚಿ ಮುರಿದು ತಂದು ನಮ್ಮ ಡಿಕ್ಕಿಯಲ್ಲಿ ಇಟ್ಟ. ಮರುದಿನ ಭೋಗಿ, ಮನೆಗೆ ಕಬ್ಬು ಬೇಕಲ್ಲ! ಅವ್ವ ಇವತ್ತಿಗೂ "ಹುಡುಗ ಚಲೋ ಇದ್ದ" ಅಂತಾಳೆ. ಚಲೋ ಇದ್ದ, ಖರೆ. ದೀಪ ಇರಲಿಲ್ಲ, ಅದೂ ಖರೆ.

ಟ್ರೇಲರಿಗೆ ಒಂದು ಗೀರು ಸುದ್ಧಾ ಬೀಳಲಿಲ್ಲ. ನಮ್ಮ ಗಾಡಿಯ ಮೂತಿ ಒಳಗೆ ಹೋಗಿತ್ತು. ಬಂಪರ್ ಸೀಳಿತ್ತು, ಬಾನೆಟ್ ಡೊಗ್ಗಿತ್ತು, ಎಡಗಡೆಯ ಫೆಂಡರ್ ನಗ್ಗಿತ್ತು. ಮರುದಿನ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಹಿಡಿದುಕೊಂಡು ಬಂದ ಕಾಕಾ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಂಪರನ್ನು ಬೆರಳಿನಿಂದ ಬಡಿದು, "ಇದು ಪ್ಲಾಸ್ಟಿಕ್ ಐತಲ್ರಿ!" ಅಂತ ಹೌಹಾರಿದರು. ಮೊದಲಿನ ಗಾಡಿಗಳ ಬಂಪರು ಕಬ್ಬಿಣದ್ದು, ಮೇಲೆ ಬೆಳ್ಳಿಯಂಥ ಹೊಳಪು. ಅದರ ಮುಂದೆ ನಿಂತು ತಲೆ ಬಾಚಿಕೊಂಡವರು ನಾವು.

ಆ ಮಾತಿಗೆ ನನಗೆ ನಮ್ಮ ಹಳೆ ಓಣಿಯ ಡಾಕ್ಟರರ ಅಂಬಾಸಿಡರ್ ನೆನಪಾಯಿತು. ಬಂಗಾಳದ ಉತ್ತರಪಾರಾದಲ್ಲಿ 1958ರಿಂದ 2014ರ ತನಕ, ಹೆಚ್ಚುಕಡಿಮೆ ಒಂದೇ ರೂಪದಲ್ಲಿ ತಯಾರಾದ ಗಾಡಿ ಅದು. ಒಮ್ಮೆ ಸಂತೆಯ ದಿನ ಚಕ್ಕಡಿಯ ನೊಗ ಬಡಿದು ಅದರ ಬಾಗಿಲು ನಗ್ಗಿತು. ಓಣಿಯ ತುದಿಯಲ್ಲಿ ಹುಣಸೆ ಮರದ ಕೆಳಗೆ ಒಬ್ಬ ಮಿಸ್ತ್ರಿ ಇದ್ದ. ಅವನ ಅಪ್ಪ ತಾಮ್ರದ ಹಂಡೆ, ಕೊಡ, ಚರಗಿಗಳ ನಗ್ಗು ತೆಗೆಯುವವನು. ಮಗ ಅದೇ ಬಡಿಗೆಗಳನ್ನು ಹಿಡಿದು ಕಾರಿನ ನಗ್ಗು ತೆಗೆಯುತ್ತಿದ್ದ. ಒಳಗಿನಿಂದ ಒಂದು ಕೈ ಮೊನೆಯಿಲ್ಲದ ದುಂಡು ಕಬ್ಬಿಣ ಒತ್ತಿ ಹಿಡಿಯುವುದು, ಹೊರಗಿನಿಂದ ಇನ್ನೊಂದು ಕೈ ಮರದ ಕೊಡತಿಯಿಂದ ಬಡಿಯುವುದು. ಸಾಲಿ ಬಿಟ್ಟ ಮೇಲೆ ನಾವು ಹುಡುಗರು ಅಲ್ಲೇ ಕೂತು ನೋಡುತ್ತಿದ್ದೆವು. ಎರಡನೇ ದಿನ ಸಂಜೆಗೆ ಗಾಡಿ ಎದ್ದು ನಿಂತಿತು. ಬಾಗಿಲ ಬಣ್ಣ ಒಂದಿಷ್ಟು ಬೇರೆಯಾಗಿತ್ತು, ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಡಾಕ್ಟರರು ಅದೇ ರಾತ್ರಿ ಹಳ್ಳಿಗೆ ಪೇಷಂಟ್ ನೋಡಲು ಹೋದರು.

"ನೋಡ್ರಿ, ಎರಡು ದಿನ!" ಅಂತ ಕಾಕಾ ನನ್ನನ್ನೇ ಹಿಡಿದುಕೊಂಡರು. ಅದಕ್ಕೆ ನಾನು ಒಂದು ಮಾತು ಹೇಳಬೇಕಾಯಿತು. ಗಟ್ಟಿ ಕಬ್ಬಿಣ ಬಾಗದಿದ್ದರೆ ಪೆಟ್ಟು ಒಳಗೆ ಕೂತವರ ಎದೆಗೆ ಹೋಗುತ್ತದೆ. ಮರ್ಸಿಡಿಸ್ ಕಂಪನಿಯಲ್ಲಿದ್ದ ಬೇಲಾ ಬರೇನಿ ಎಂಬ ಇಂಜಿನಿಯರ್ 1950ರ ದಶಕದಲ್ಲಿ ಇದನ್ನು ತಿರುವಿ ಹಾಕಿದ. ಗಾಡಿಯ ಮೂತಿ ಮತ್ತು ಬೆನ್ನು ನುಜ್ಜಾಗುವ ಹಾಗೆ ಮಾಡಬೇಕು, ಜನ ಕೂಡುವ ನಡುವಿನ ಗೂಡು ಮಾತ್ರ ಗಟ್ಟಿ ಇರಬೇಕು ಅಂತ. 1959ರಲ್ಲಿ ಆ ಲೆಕ್ಕದ ಗಾಡಿ ರಸ್ತೆಗೆ ಬಂತು. ಈಗ ಎಲ್ಲ ಗಾಡಿಗಳೂ ಅದೇ ದಾರಿ ಹಿಡಿದಿವೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ತನ್ನ ಮಾರಿ ಒಡಕೊಂಡು ನಿಮ್ಮವ್ವನ್ನ ಉಳಿಸೈತಿ ಅನ್ರಿ" ಅಂದರು. ಹೌದು. ಕಾಯುವ ಕಥೆ ಹೇಳುವಾಗ ಇದೊಂದನ್ನು ಬಿಟ್ಟು ಹೇಳಬಾರದು. ಆದರೆ ಕಾಯುವುದಕ್ಕೂ ಇದೇ ಮೂಲ ನೋಡಿ. ಈಗಿನ ಗಾಡಿಯ ಒಳಗಿನ ಗಟ್ಟಿ ಉಕ್ಕನ್ನು ಕಾಯಿಸಿ ಬಡಿದರೆ ಅದರ ಕಸುವು ಹೋಗುತ್ತದೆ, ಪ್ಲಾಸ್ಟಿಕ್ಕನ್ನು ಬಡಿಯುವ ಮಾತೇ ಇಲ್ಲ. ಹೋದದ್ದನ್ನು ತೆಗೆದು ಹೊಸದು ಹಾಕಬೇಕು. ಹೊಸದು ಎಲ್ಲಿಂದಲೋ ಬರಬೇಕು. ಬರುವ ತನಕ...

ಇನ್ಶೂರೆನ್ಸಿಗೆ ಫೋನ್ ಹಚ್ಚಿದಾಗಿನದು ಇನ್ನೊಂದು. ಆಚೆ ಕಡೆ ಒಬ್ಬಳು ಹುಡುಗಿ, ದೂರದ ಊರಿನವಳು, ಮಾತು ಮೆತ್ತಗೆ. ಅಪಘಾತ ಎಲ್ಲಾಯಿತು ಅಂದಳು. ಮುಧೋಳ–ಜಮಖಂಡಿ ರಸ್ತೆ ಅಂದೆ. ಜಮಖಂಡಿಯನ್ನು ಮೂರು ಸಲ ಅಕ್ಷರ ಬಿಡಿಸಿ ಹೇಳಬೇಕಾಯಿತು. ಮುಧೋಳ ಅಂದ ಕೂಡಲೇ ಮಾತ್ರ ಆಕೆಯ ದನಿ ಬದಲಾಯಿತು. "ಸರ್, ಆ ನಾಯಿ ಊರಾ?" ನಮ್ಮ ಮುಧೋಳ ನಾಯಿಯ ಚಿತ್ರವನ್ನು 2005ರಲ್ಲಿ ಅಂಚೆ ಚೀಟಿಯ ಮೇಲೆ ಹಾಕಿದರಲ್ಲ, ಅಂದಿನಿಂದ ಊರಿನ ಹೆಸರು ಅದರ ಬೆನ್ನ ಮೇಲೆ ಕೂತು ದೇಶ ಸುತ್ತಿದೆ. ನನಗೆ ಮಾತ್ರ ಒಂದು ಮಾತು ಸೇರಿಸದೆ ಇರಲಾಗಲಿಲ್ಲ. "ರನ್ನ ಕವಿ ಹುಟ್ಟಿದ ಊರವ್ವಾ" ಅಂದೆ. ಸಾವಿರ ವರ್ಷದ ಹಿಂದೆ ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದವನು. ಆಕೆ "ಓಕೆ ಸರ್" ಅಂತ ಅದನ್ನೂ ಬರೆದುಕೊಂಡಳೋ ಏನೋ. ಹದಿನೆಂಟು ಅಂಕಿಯ ಒಂದು ನಂಬರ್ ಕೊಟ್ಟಳು.

ಸರ್ವೇಯರು ಬೇಗನೇ ಬಂದರು, ಅದರಲ್ಲಿ ತಕರಾರಿಲ್ಲ. ದೊಡ್ಡೂರಿನ ಕಂಪನಿ ಗ್ಯಾರೇಜಿಗೆ ಗಾಡಿ ಮುಟ್ಟಿದ ಮರುದಿನವೇ ಬಂದು ಫೋಟೋ ತೆಗೆದರು. ಬಾನೆಟ್ ಎತ್ತಿ, ಚಾಸಿ ನಂಬರಿನ ಮೇಲೆ ತೆಳುವಾದ ಕಾಗದ ಇಟ್ಟು ಪೆನ್ಸಿಲ್ಲಿನಿಂದ ತಿಕ್ಕಿದರು. ಸಣ್ಣವರಿದ್ದಾಗ ನಾವು ನಾಣ್ಯದ ಮೇಲೆ ಕಾಗದ ಇಟ್ಟು ತಿಕ್ಕುತ್ತಿದ್ದೆವಲ್ಲ, ಥೇಟ್ ಹಾಗೇ. ಮೊಬೈಲಿನಲ್ಲಿ ಎಲ್ಲ ಆಗುವ ಈ ಕಾಲದಲ್ಲೂ ಪೆನ್ಸಿಲ್ಲಿನ ಆ ಪುಡಿ ಕಂಡು ನನಗೆ ಖುಷಿಯಾಯಿತು. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಜೂನ್ ಸುತ್ತೋಲೆಯ ಪ್ರಕಾರ ಸುದ್ದಿ ಮುಟ್ಟಿದ 24 ತಾಸಿನೊಳಗೆ ಸರ್ವೇಯರನ್ನು ನೇಮಿಸಬೇಕು, 15 ದಿನದೊಳಗೆ ವರದಿ ಬರಬೇಕು, ವರದಿ ಬಂದ 7 ದಿನದೊಳಗೆ ಕ್ಲೇಮಿನ ತೀರ್ಮಾನ ಆಗಬೇಕು. ಕಾಗದಕ್ಕೆ ಇಷ್ಟು ಚಂದ ದಿನ ಗೊತ್ತು ಮಾಡಿದ್ದಾರೆ. ಹೆಡ್‌ಲೈಟು ಯಾವ ದಿನ ಬರಬೇಕು ಅನ್ನುವುದನ್ನು ಯಾರು ಬರೆಯುವವರು?

ಹಣದ ಲೆಕ್ಕ ಕೇಳಿ ಕಾಕಾ ಬೆರಗಾದದ್ದನ್ನು ಹೇಳದಿದ್ದರೆ ಈ ಹರಟೆ ಪೂರ್ತಿಯಾಗದು. ನಮ್ಮದು ನಾಲ್ಕು ವರ್ಷ ದಾಟಿದ ಗಾಡಿ, ಸಾದಾ ಪಾಲಿಸಿ. ಲೋಹದ ಭಾಗಕ್ಕೆ ನೂರಕ್ಕೆ 35 ಸವಕಳಿ ಹಿಡಿಯುತ್ತಾರೆ. ಪ್ಲಾಸ್ಟಿಕ್ಕು, ರಬ್ಬರಿಗೆ ನೂರಕ್ಕೆ 50. ಬಣ್ಣದ ಸಾಮಾನಿಗೂ 50. ಅದರ ಮೇಲೆ ಸಣ್ಣ ಗಾಡಿಯಾದರೆ 1000 ರೂಪಾಯಿ ಕಡ್ಡಾಯವಾಗಿ ನಮ್ಮ ಕೈಯಿಂದ. ಆದರೆ ಗಾಜಿಗೆ ಸವಕಳಿಯೇ ಇಲ್ಲ! "ಯಾಕ್ರಿ?" ಅಂದರು ಕಾಕಾ. ಗಾಜು ಹಳೆಯದಾಗುವುದಿಲ್ಲ ಅನ್ನುವ ಲೆಕ್ಕ ಇರಬೇಕು ಅಂದೆ. ಅವರು ತಮ್ಮ ಕನ್ನಡಕ ತೆಗೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಹಾಕಿಕೊಂಡರು. ಬಂಪರಿನಂಥ ಸಾಮಾನಿನ ಮೇಲೆ ಆಗ ಜಿಎಸ್‌ಟಿ ನೂರಕ್ಕೆ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು. ನಮಗೆ ಆ ಲಾಭ ಸಿಗಲಿಲ್ಲ, ಇರಲಿ. ಮುಂದೆ ಬಡಿಸಿಕೊಳ್ಳುವವರಿಗೆ ಸಿಗುತ್ತದೆ ಅನ್ನೋಣವೆಂದರೆ ಅದೂ ಒಳ್ಳೆಯ ಮಾತಲ್ಲ, ಅಲ್ವಾ?

ಇನ್ನು ಹೆಡ್‌ಲೈಟು. ಅದರ ಗಾಜು ಒಡೆದಿರಲಿಲ್ಲ. ದೀಪ ಉರಿಯುತ್ತಿತ್ತು. ಅದನ್ನು ಗಾಡಿಯ ಮೈಗೆ ಹಿಡಿದಿಡುವ ಒಂದು ಪ್ಲಾಸ್ಟಿಕ್ ಚೂರು, ಹೆಬ್ಬೆರಳಿನ ಉಗುರಿನಷ್ಟು, ಅದು ಮುರಿದಿತ್ತು. ಗ್ಯಾರೇಜಿನ ಹುಡುಗ "ಲಾಕ್ ಹೋಗೈತ್ರಿ" ಅಂದ. ಅವ್ವ ಅದನ್ನು ಕೈಯಲ್ಲಿ ತಿರುವಿ ನೋಡಿ "ಬಾಣಲೆ ಕಿವಿ ಇದ್ದಂಗ ಐತಿ" ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಹೆಡ್‌ಲೈಟಿನ ಕಿವಿ. ಕಿವಿಯೊಂದೇ ಬೇರೆ ಸಿಗುವುದಿಲ್ಲ. ಪೂರ್ತಿ ಹೆಡ್‌ಲೈಟನ್ನೇ ತರಿಸಬೇಕು. ತರಿಸೋಣ, ಆದರೆ ಡಿಪೋದಲ್ಲಿ ಬಲಗಡೆಯದು ಇದೆ, ಎಡಗಡೆಯದು ಇಲ್ಲ! ಎರಡನೇ ವಾರವೂ ಅದೇ ಮಾತು, ನಾಲ್ಕನೇ ವಾರವೂ ಅದೇ. ಇದಕ್ಕೆ ಕಾಕಾ ಒಂದು ಕಾರಣ ಹುಡುಕಿದರು. ನಿಂತ ಟ್ರೇಲರು ಎದುರಾದರೆ ಎಲ್ಲರೂ ಗಾಬರಿಯಲ್ಲಿ ಸ್ಟೇರಿಂಗನ್ನು ಬಲಕ್ಕೆ ಎಳೆಯುತ್ತಾರೆ, ಹಾಗಾಗಿ ಎಡಗಡೆಯ ಮೂತಿಯೇ ಬಡಿಯುತ್ತದೆ. "ಕಬ್ಬಿನ ಹಂಗಾಮಿನ್ಯಾಗ ನಮ್ಮ ಕಡೆ ಎಡಗಣ್ಣ ಹೋಗತಾವ್ರಿ. ಎಡದ್ದು ಎಲ್ಲಿ ಉಳಿಬೇಕು?" ಕಂಪನಿಯವರ ಹತ್ತಿರ ಈ ಲೆಕ್ಕ ಇದೆಯೋ ಇಲ್ಲವೋ, ಆದರೆ ಅವರ ಮಾತಿನಲ್ಲಿ ಅರ್ಥ ಇದೆ ಅಂತ ನನಗನ್ನಿಸುತ್ತದೆ.

ಆ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಕೂತು ಎಷ್ಟು ಜನರ ಪರಿಚಯವಾಯಿತು! ತೇರದಾಳದವರು, ಲೋಕಾಪುರದವರು, ಮಹಾಲಿಂಗಪುರದಿಂದ ಬೆಲ್ಲದ ವ್ಯಾಪಾರದವರೊಬ್ಬರು. ಎಲ್ಲರಿಗಿಂತ ಹೆಚ್ಚು ದಿನ ಬಂದವರು ಬೀಳಗಿಯ ಒಬ್ಬ ಗೌಡರು. ಅವರದು ಬಾಡಿಗೆಗೆ ಓಡುವ ಗಾಡಿ. ಹಿಂದಿನ ಬಾಗಿಲು ಬರಬೇಕಿತ್ತು, ಬಂದಿರಲಿಲ್ಲ. ಬರುವಾಗ ಬುತ್ತಿ ಕಟ್ಟಿಕೊಂಡೇ ಬರುತ್ತಿದ್ದರು. ಬಿಳಿ ಜೋಳದ ಕಟಕ್ ರೊಟ್ಟಿ, ಅಗಸಿ ಹಿಂಡಿ, ಮೇಲೆ ಒಂದು ಹಸಿ ಉಳ್ಳಾಗಡ್ಡಿ. ಬೆಂಚಿನ ಮೇಲಿದ್ದವರಿಗೆಲ್ಲ ಹಂಚುತ್ತಿದ್ದರು. ರೊಟ್ಟಿ ಮುರಿಯುತ್ತ ಅವರು ಒಂದು ದಿನ ಅಂದ ಮಾತು: "ಮಾಸ್ತರ, ಗಾಡಿ ನಿಂತರ ನಿಮಗ ತಿರುಗಾಟ ನಿಂತಿತು. ನಮಗ ಒಲಿ ನಿಲ್ಲತೈತಿ." ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲವಲ್ಲ. ಅವರ ಊರಿನ ಮಿಸ್ತ್ರಿ ನಾಲ್ಕು ದಿನದಲ್ಲಿ ಹಳೆ ಬಾಗಿಲು ಬಡಿದು ಕೂಡಿಸಿಕೊಡುತ್ತೇನೆ ಅಂದಿದ್ದನಂತೆ. ರೊಕ್ಕ ಕೈಯಿಂದ ಹಾಕಬೇಕು, ಇನ್ಶೂರೆನ್ಸ್ ಸಿಗುವುದಿಲ್ಲ. ಸಣ್ಣ ನಗ್ಗಿಗೆ ನಮ್ಮ ಕಡೆ ಬಹಳ ಮಂದಿ ಇದೇ ದಾರಿ ಹಿಡಿಯುತ್ತಾರೆ. ಕ್ಲೇಮು ಮಾಡದೆ ಐದು ವರ್ಷ ಕಳೆದರೆ ಓನ್ ಡ್ಯಾಮೇಜಿನ ಕಂತಿನಲ್ಲಿ ನೂರಕ್ಕೆ 50ರ ತನಕ ಬೋನಸ್ ಬರುತ್ತದೆ, ಅದನ್ನು ಯಾಕೆ ಕಳೆದುಕೊಳ್ಳುವುದು ಅಂತ. ಆದರೆ ಬಾಗಿಲಿನೊಳಗಿನ ಅಡ್ಡಪಟ್ಟಿಯೇ ಬಾಗಿದಾಗ ಬಡಿದು ಕೂಡಿಸುವುದು ಸರಿಯಲ್ಲ. ಗೌಡರಿಗೆ ಅದು ಗೊತ್ತಿತ್ತು. "ಬಾಡಿಗಿ ಮಂದಿ ಕೂಡತಾರ್ರಿ ಒಳಗ" ಅಂದರು. ಅದಕ್ಕೇ ಕಾದರು. ಇಂಥವರನ್ನು ಸುಮ್ಮನೆ ಕೂರಿಸಬಾರದು.

ಕಾಯುವುದೆಂದರೆ ನಮ್ಮ ಭಾಗದವರಿಗೆ ಹೊಸದಲ್ಲ. ಪಾರಿಜಾತ ನೋಡಿ ಬೆಳೆದವರು ನಾವು. ಕುಲಗೋಡ ತಮ್ಮಣ್ಣ ಮನೆಮಾತು ಮಾಡಿದ ಶ್ರೀಕೃಷ್ಣ ಪಾರಿಜಾತ ಗೊತ್ತಲ್ಲ? ಗೊಲ್ಲತಿ ಬಂದು ಮಾತಾಡಿ ಹೋಗುವಷ್ಟರಲ್ಲೇ ಅರ್ಧ ರಾತ್ರಿ. ಸತ್ಯಭಾಮೆ ಕಾದು ಕಾದು ಸಿಟ್ಟಿಗೇಳುವುದು ನಸುಕಿನಲ್ಲಿ. ಯಾರೂ ಎದ್ದು ಹೋಗುವುದಿಲ್ಲ. ಯಾಕಂದರೆ ಭಾಗವತ ನಡುನಡುವೆ ಬಂದು ಕಥೆ ಎಲ್ಲಿಗೆ ಬಂತು ಅಂತ ಹೇಳುತ್ತಿರುತ್ತಾನೆ. ಈ ಗ್ಯಾರೇಜಿನಲ್ಲಿ ಅಂಥ ಒಬ್ಬ ಭಾಗವತ ಇರಲಿಲ್ಲ. ನಾನೇ ಫೋನ್ ಹಚ್ಚಬೇಕು. ಹಚ್ಚಿದರೆ, "ಪಾರ್ಟ್ ಬಂದಿಲ್ರಿ ಸರ, ಸೋಮವಾರ ಹಚ್ರಿ." ಸೋಮವಾರ ಹಚ್ಚಿದರೆ, "ಮ್ಯಾನೇಜರ್ ಮೀಟಿಂಗಿನ್ಯಾಗ ಅದಾರ್ರಿ." ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಮೇಲಿನವರು ಹೇಳಿರುವುದಿಲ್ಲ.

ನನ್ನ ಹೊಟ್ಟೆ ಉರಿದದ್ದು ಅವ್ವನ ವಿಷಯಕ್ಕೆ. ಆಕೆಯ ಕಣ್ಣಿನ ಡಾಕ್ಟರು ಮಿರಜಿನಲ್ಲಿ. ವಾನ್ಲೆಸ್ ಎಂಬ ಮಿಶನರಿ ಡಾಕ್ಟರು 1894ರಲ್ಲಿ ಅಲ್ಲಿ ದವಾಖಾನೆ ತೆರೆದಾಗಿನಿಂದ ನಮ್ಮ ಕಡೆಯವರಿಗೆ ದೊಡ್ಡ ಬೇನೆ ಅಂದರೆ ಮಿರಜ್. ನಮ್ಮ ಅಜ್ಜನೂ ಅಲ್ಲಿಗೇ ಹೋದವನು. ಜಮಖಂಡಿಗೆ ರೈಲು ಇನ್ನೂ ಬಂದಿಲ್ಲ. ಬಾಗಲಕೋಟೆ–ಕುಡಚಿ ದಾರಿಯ ಮಾತು ಕೇಳುತ್ತ ಒಂದು ತಲೆಮಾರಿನ ಮಕ್ಕಳು ಕಾಲೇಜು ಮುಗಿಸಿದರು. ಹಾಗಾಗಿ ಬಸ್ಸು, ಬಸ್ಸು ಇಳಿದರೆ ಟಂಟಂ. ಎಪ್ಪತ್ತೆಂಟು ವರ್ಷದ ಅವ್ವನನ್ನು ಆ ಚಳಿಗಾಲದಲ್ಲಿ ಎರಡು ಸಲ ಹಾಗೆ ಕರೆದೊಯ್ದೆ. ಎರಡನೆಯ ಸಲ ಕಣ್ಣಿಗೆ ಔಷಧ ಹಾಕಿಸಿಕೊಂಡು ಬಂದವಳು ಬಸ್‌ಸ್ಟ್ಯಾಂಡಿನಲ್ಲಿ ಮೆಟ್ಟಿಲು ಕಾಣದೆ ನನ್ನ ತೋಳು ಗಟ್ಟಿ ಹಿಡಿದುಕೊಂಡಳು. ಮೊದಲ ದಿನವೇ ಯಾರಾದರೂ "ಎರಡೂವರೆ ತಿಂಗಳು ಹಿಡಿಯುತ್ತದೆ" ಅಂದಿದ್ದರೆ ನಾನು ಅದಕ್ಕೆ ತಕ್ಕ ಹಾಗೆ ಬಾಡಿಗೆ ಗಾಡಿ ಗೊತ್ತು ಮಾಡುತ್ತಿದ್ದೆ. "ನಾಳಿಗೆ, ನಾಡಿದ್ದಿಗೆ" ಅಂದದ್ದಕ್ಕೆ ನಂಬಿ ಕೂತೆ.

ಕಾಯುವುದನ್ನು ಸಾಕುಮಾಡಿ ಎದ್ದು ನಿಂತವರೂ ನಮ್ಮ ನಡುವೆಯೇ ಇದ್ದಾರಲ್ಲ, ಅವರನ್ನು ನೆನೆಯದೆ ಹೇಗೆ? ಸರಕಾರ ಕಟ್ಟುತ್ತದೆ ಅಂತ ಕಾದು ಕಾದು ಸಾಕಾಗಿ, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರೇ ರೊಕ್ಕ ಹಾಕಿ, ಮೈಮುರಿದು ದುಡಿದು ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಜನ ಅವರನ್ನು ಬ್ಯಾರೇಜ್ ಸಿದ್ದು ಅಂತಲೇ ಕರೆದರು, 1991ರಲ್ಲಿ ರಾಮಕೃಷ್ಣ ಹೆಗಡೆಯವರ ಎದುರು ಗೆಲ್ಲಿಸಿ ಲೋಕಸಭೆಗೂ ಕಳಿಸಿದರು. ಕಾಕಾ ಈ ಮಾತು ತೆಗೆದಾಗಲೆಲ್ಲ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಾರೆ. ಅದೇ ಸಿದ್ದು ನ್ಯಾಮಗೌಡರು 2018ರ ಮೇ ತಿಂಗಳಲ್ಲಿ, ನಮ್ಮ ಜಮಖಂಡಿಯ ಶಾಸಕರಾಗಿ ಆಯ್ಕೆಯಾದ ಕೆಲವೇ ದಿನಕ್ಕೆ, ಗೋವಾದಿಂದ ಮರಳುವಾಗ ತುಳಸಿಗೇರಿಯ ಹತ್ತಿರ ಕಾರು ಅಪಘಾತದಲ್ಲಿ ತೀರಿಕೊಂಡರು. ಅವತ್ತು ಊರಿನ ಅಂಗಡಿ ಮುಂಗಟ್ಟು ಮುಚ್ಚಿ ಜನ ರಸ್ತೆಯಲ್ಲೇ ನಿಂತಿದ್ದರು. ಆ ಮಾತು ಬಂದರೆ ಕಾಕಾ ಕಪ್ಪು ಎತ್ತಿಕೊಂಡು ಒಳಗೆ ಹೋಗುತ್ತಾರೆ. ನಾನೂ ಹೆಡ್‌ಲೈಟಿನ ಚಿಂತೆ ಬಿಟ್ಟು ಅವ್ವ ಏನು ಮಾಡುತ್ತಿದ್ದಾಳೆ ಅಂತ ನೋಡಲು ಹೋಗುತ್ತೇನೆ.

ಹೆಡ್‌ಲೈಟು ಕೊನೆಗೂ ಬಂತು, ಶಿವರಾತ್ರಿ ಕಳೆದ ಮೇಲೆ. ಬಂದ ಸುದ್ದಿಯನ್ನು ಹೇಳಿದವರು ಬೀಳಗಿ ಗೌಡರು, ಗ್ಯಾರೇಜಿನವರಲ್ಲ! "ನಿಮ್ಮ ಹೆಸರಿನ ಡಬ್ಬಿ ಬಂದೈತ್ರಿ, ಕಣ್ಣಾರೆ ನೋಡೀನಿ" ಅಂತ ಫೋನ್ ಮಾಡಿದರು. ಆದರೆ ಮೂತಿ ಬಿಚ್ಚಿ ನೋಡಿದಾಗ ಏಸಿಯ ಕಂಡೆನ್ಸರೂ ಬಾಗಿದೆ ಅಂತ ಗೊತ್ತಾಯಿತು. ಮೊದಲು ಬಿಚ್ಚಿರಲಿಲ್ಲವೇ ಅಂದರೆ, ಸಾಮಾನು ಬರುವ ತನಕ ಬಿಚ್ಚುವುದಿಲ್ಲವಂತೆ, ಜಾಗ ಹಿಡಿಯುತ್ತದೆ ಅಂತ. ಸರ್ವೇಯರು ಮತ್ತೊಮ್ಮೆ ಬರಬೇಕು, ಮತ್ತೊಮ್ಮೆ ಒಪ್ಪಿಗೆ ಬರಬೇಕು. ಇಲ್ಲಿ ನನ್ನದೊಂದು ಗಟ್ಟಿ ಮಾತಿದೆ. ಗಾಡಿ ಬಂದ ಮೊದಲ ವಾರದಲ್ಲೇ ಮೂತಿ ಬಿಚ್ಚಿ ಪೂರ್ತಿ ನೋಡಿ, ಒಂದೇ ಸಲ ಎಲ್ಲ ಸಾಮಾನು ಬರೆದಿದ್ದರೆ ಎರಡು ವಾರವಾದರೂ ಉಳಿಯುತ್ತಿತ್ತು. ಗಾಡಿ ಬಿಡುವಾಗ ನೀವೇ ಕೇಳಿ ಇದನ್ನು. ಬಿಚ್ಚಿ ನೋಡಿದ ಮೇಲೆಯೇ ಎಸ್ಟಿಮೇಟ್ ಬರೆಯಿರಿ ಅಂತ ನಿಂತು ಹೇಳಿ.

ಆಮೇಲೆ ಬಣ್ಣ. ಬಣ್ಣದ ಹೊತ್ತಿಗೆ ಸರಿಯಾಗಿ ಹೋಳಿ ಬಂತು. ನಮ್ಮ ಜಿಲ್ಲೆಯಲ್ಲಿ ಹೋಳಿಯ ದಿನಗಳಲ್ಲಿ ಹಲಗಿ ಬಿಟ್ಟು ಬೇರೆ ಕೆಲಸ ಹಿಡಿಯುವವರು ಯಾರು? ಪೇಂಟರ್ ಹುಡುಗ ಮೂರು ದಿನ ಬರಲಿಲ್ಲ. ಬಂದಾಗ ಅವನ ಕಿವಿಯ ಹಿಂದೆ, ಕೂದಲಲ್ಲಿ ಇನ್ನೂ ಗುಲಾಬಿ ಬಣ್ಣ. ಅವನು ಕೆಲಸ ಮಾಡುವುದನ್ನು ನೋಡಲೆಂದೇ ಆ ದಿನ ಕಾಕಾ ನನ್ನ ಸಂಗಡ ಗ್ಯಾರೇಜಿಗೆ ಬಂದಿದ್ದರು. ಪುಟ್ಟಿ ಹಚ್ಚಿ, ಒಣಗಿಸಿ, ನೀರು ಹಾಕಿ ವಾಟರ್ ಪೇಪರಿನಿಂದ ತಿಕ್ಕುವುದು. ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡುವುದು. ಪ್ರೈಮರ್ ಹೊಡೆಯುವುದು, ಮತ್ತೆ ತಿಕ್ಕುವುದು. ನಮ್ಮ ಗಾಡಿಯದು ಬೆಳ್ಳಿ ಬಣ್ಣ. ಅದರಲ್ಲಿರುವ ಲೋಹದ ಸಣ್ಣ ಚೂರುಗಳು ಗಾಳಿಯ ಒತ್ತಡ ಒಂದಿಷ್ಟು ಹೆಚ್ಚುಕಡಿಮೆಯಾದರೂ ಬೇರೆ ರೀತಿ ಕೂಡುತ್ತವೆ, ಶೇಡು ಬೇರೆ ಕಾಣುತ್ತದೆ. ಹುಡುಗ ಒಂದು ತಗಡಿನ ಚೂರಿಗೆ ಹೊಡೆದು ತಂದು ಬಾಗಿಲಿಗೆ ಹಿಡಿದ. ಸರಿಯಾಗಿದೆ ಅಂದೆ ನಾನು. ಕಾಕಾ ಅದನ್ನು ಕೈಯಲ್ಲಿ ಹಿಡಿದು ಹೊರಗೆ ಬಿಸಿಲಿಗೆ ಬಂದರು, ಓರೆ ಮಾಡಿದರು, ನೆರಳಿಗೆ ಹಿಡಿದರು. "ತಮ್ಮಾ, ಒಂದು ಹನಿ ಕರಿ ಹೆಚ್ಚಾಗೇತಿ ನೋಡು" ಅಂದರು. ಹುಡುಗ ಅವರ ಮುಖವನ್ನೇ ನೋಡಿದ. "ನೀವೂ ಪೇಂಟರ್ ಏನ್ರಿ ಅಜ್ಜಾರ?" "ಇಲ್ಲಪಾ, ನಾ ಸೀರಿ ನೇದಾಂವ. ಒಂದ ನೂಲು, ಎರಡ ಸಲ ಬಣ್ಣಕ್ಕ ಹಾಕಿದ್ರ ಒಂದ ಆಗಂಗಿಲ್ಲ. ಸೆರಗಿನ್ಯಾಗ ಗೊತ್ತಾಗತೈತಿ."

ಹುಡುಗ ಬೇಸರ ಮಾಡಿಕೊಳ್ಳಲಿಲ್ಲ. ಮತ್ತೆ ಕಲಸಿದ, ಮತ್ತೆ ಹೊಡೆದು ತಂದ. ಮೂರನೆಯ ಸಲಕ್ಕೆ ಇಬ್ಬರೂ ಬಿಸಿಲಿನಲ್ಲಿ ನಿಂತು ತಲೆ ಆಡಿಸಿದರು. ಫೆಂಡರಿನಿಂದ ಬಾಗಿಲಿನ ತನಕ ತೆಳುವಾಗಿ ಎಳೆದು, ಬೂತಿನೊಳಗೆ ಬಿಸಿಗೆ ಇಟ್ಟ. ಅರವತ್ತು ಡಿಗ್ರಿ, ಅರ್ಧ ತಾಸು. ಇಡೀ ಎರಡೂವರೆ ತಿಂಗಳಲ್ಲಿ ನನಗೆ ನಿಜವಾಗಿ ಸಂತೋಷ ಕೊಟ್ಟ ದಿನ ಅದೊಂದೇ. ಅವತ್ತು ಎರಡು ತಾಸು ಹೆಚ್ಚು ಕಾದೆವು, ಒಂದು ಗಳಿಗೆಯೂ ಬೇಜಾರಾಗಲಿಲ್ಲ. ಕೆಲಸ ನಡೆಯುವುದು ಕಣ್ಣೆದುರಿಗಿತ್ತು ನೋಡಿ.

76ನೇ ದಿನ ಗಾಡಿ ಸಿದ್ಧವಾಯಿತು. ಅವತ್ತು ಅಮಾವಾಸ್ಯೆ, ಮರುದಿನ ಯುಗಾದಿ. ಅಮಾಸಿಗೆ ಗಾಡಿ ತರಬೇಕೋ ಬೇಡವೋ ಅಂತ ಮನೆಯಲ್ಲಿ ಚರ್ಚೆ ನಡೆಯಿತು. "ಅಮಾಸಿಗೇ ಎಲ್ಲಾರೂ ಗಾಡಿಗೆ ನಿಂಬಿಹಣ್ಣ ಕಟ್ಟತಾರ, ಅದಕ್ಕಿಂತ ಚಲೋ ದಿನ ಯಾವದು?" ಅಂತ ಅವ್ವ ತೀರ್ಪು ಕೊಟ್ಟಳು. ಸಂಜೆಗೆ ಮನೆಗೆ ಬಂತು. ಕಾಕಾ ಗೋಡೆ ಹತ್ತಿರ ಬಂದು ಈ ಸಲ ಏನೂ ಕೇಳಲಿಲ್ಲ. ಸುಮ್ಮನೆ ಎಡ ಫೆಂಡರಿನ ಮೇಲೆ ಕೈ ಆಡಿಸಿದರು. ಮುರಿದ ಆ ಕಿವಿಯನ್ನು ಅವ್ವ ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದಾಳೆ. ಯಾಕವ್ವಾ ಅಂದರೆ, "ಇರಲಿ ಬಿಡು" ಅಂತಾಳೆ. ಬೀಳಗಿ ಗೌಡರ ಬಾಗಿಲು ಮಾತ್ರ ಮುಂದಿನ ತಿಂಗಳು ಬಂತು.

ಈಗ ಮತ್ತೆ ಕಾರ್ಖಾನೆಗಳು ಹೊಗೆ ಬಿಡಲು ಸುರು ಮಾಡಿವೆ. ಸಮೀರವಾಡಿ, ಸಿದ್ದಾಪುರ, ಬಾಡಗಂಡಿ, ಯಾವ ಕಡೆ ಹೊರಟರೂ ಸಾಲುಸಾಲು ಟ್ರ್ಯಾಕ್ಟರು. ನೀವು ನಾಳೆ ಮುಧೋಳಕ್ಕೆ ಹೊರಟಿದ್ದೀರಿ ಅಂತ ಕೇಳಿದೆ. ಹೊತ್ತು ಮುಳುಗುವುದರೊಳಗೆ ಮರಳಿ ಬನ್ನಿ. ನಿಮ್ಮ ಅಳಿಯಂದಿರದು ಎರಡು ಟ್ರೇಲರು ಇವೆಯಲ್ಲ, ಹಿಂದೆ ಕೆಂಪು ರೇಡಿಯಂ ಪಟ್ಟಿ ಹಚ್ಚಿಸಿಯೇ ಹೊರಡಿಸಲು ಹೇಳಿ. ನಮ್ಮ ಮನೆಯಲ್ಲಿ ಒಂದು ಸುತ್ತು ಉಳಿದಿದೆ, ಬೇಕಾದರೆ ಗೋಡೆ ಮೇಲಿಂದಲೇ ಕೊಡುತ್ತೇನೆ.